ಸತ್ತವರಿಗೆ ಮಾನವಿಲ್ಲ

ಅಕ್ಟೋಬರ್ 3, ಶುಕ್ರವಾರ

ಕುರ್ಚಿ ಮತ್ತೆ ಕಿಟಕಿಯ ಕಡೆ ತಿರುಗಿತ್ತು. ಅಂಗಡಿ ಮುಚ್ಚುವಾಗ ಅದನ್ನು ಕನ್ನಡಿಗೆ ಮುಖ ಮಾಡಿಸಿಯೇ ಒಳಗೆ ಹೋಗುತ್ತೇನೆ. ಬೆಳಿಗ್ಗೆ ಬಂದರೆ ಅದು ನದಿಯನ್ನು ನೋಡುತ್ತ ಕೂತಿರುತ್ತದೆ. ನೆಲ ಓರೆಯಾಗಿರಬೇಕು. ಇದೇ ಮುಂಗೋಣೆಯಲ್ಲಿ ವರ್ಷಾನುಗಟ್ಟಲೆ ಊರವರ ಕೂದಲು ಕತ್ತರಿಸಿದ್ದೇನೆ. ಹೋದ ಮಾರ್ಚ್‌ವರೆಗೆ ನೆಲ ನೆಟ್ಟಗೇ ಇತ್ತು.

ಬರ್ನಿಸ್ ಕೂದಲು ಸುರುಳಿ ಮಾಡಿಸಿಕೊಳ್ಳಲು ಬಂದಳು. ಕೈಚೀಲದಲ್ಲಿ ವಾರಪತ್ರಿಕೆ ಇಣುಕುತ್ತಿತ್ತು. ಸುರುಳಿಗಳನ್ನೆಲ್ಲ ಸುತ್ತಿ ಮುಗಿಸುವವರೆಗೆ ಅದನ್ನು ಹೊರಗೆ ತೆಗೆಯಲಿಲ್ಲ. ನನ್ನ ಕೈ ನಡುಗಿ ಅವಳ ತಲೆ ಕೆಟ್ಟೀತೆಂಬ ಭಯ.

"ಓದ್ಬೇಡ ಅಂದ್ರೆ ನೀನು ಓದೇ ಓದ್ತೀಯ. ಅದಕ್ಕೇ ಓದು ಅಂತೀನಿ," ಅಂದಳು.

ಅಗ್ನಿಶಾಮಕ ದಳದ ಮುಂದೆ ಕಲ್ಲು ನಿಲ್ಲಿಸುತ್ತಾರಂತೆ. ಕೆಲಸದಲ್ಲಿ ಪ್ರಾಣ ಬಿಟ್ಟ ನಮ್ಮ ಆಶ್ ಪ್ರೇರಿಯ ಸ್ವಯಂಸೇವಕರ ಹೆಸರು ಅದರ ಮೇಲೆ. ನನ್ನ ಗಂಡ ಗಾರ್ಡಿಯ ಹೆಸರು ಇಲ್ಲ. ದಳದ ಮುಖ್ಯಸ್ಥ ವರ್ನ್ ಸ್ಟುಬ್ಬೆ ಹೇಳಿದ್ದನ್ನು ಸಂಪಾದಕ ಲಾಯಲ್ ಬೆಟಿನ್ ಅಕ್ಷರ ಬಿಡದೆ ಅಚ್ಚು ಹಾಕಿದ್ದಾನೆ: "ಗಾರ್ಡಿ ಕ್ರೋನ್ ಒಳ್ಳೆಯವನು. ಆದರೆ ಅಂದು ಸಂಜೆ ಅವನು ಬಿಯರ್ ಕುಡಿದಿದ್ದ. ನನ್ನ ಮೂಗೇ ಸಾಕ್ಷಿ. ಕುಡಿದವನು ಕರೆಗೆ ಹೋಗಕೂಡದು ಎಂಬುದು ನಮ್ಮ ನಿಯಮ."

ಮಾರ್ಚ್‌ನ ಆ ಶುಕ್ರವಾರ, ಈಸ್ಟರ್ ಉಪವಾಸದ ಕಾಲದಲ್ಲಿ ದಳದವರು ಊರಿಗೆಲ್ಲ ಮೀನು ಕರಿದು ಬಡಿಸುವ ಮೀನೂಟ ನಡೆದಿತ್ತು. ಹೆಪ್ಪುಗಟ್ಟಿದ ನದಿಯ ಮೇಲೆ ಯಾರೋ ಇಲಿನಾಯ್‌ನವನು ಹಿಮಬಂಡಿ ಓಡಿಸಿ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ. ಗಾರ್ಡಿ ಎಣ್ಣೆ ಬಾಣಲೆಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಓಡಿದ. ಇಲಿನಾಯ್‌ನವನು ದಡ ಸೇರಿದ. ಗಾರ್ಡಿ ಸಿಕ್ಕಿದ್ದು ಏಪ್ರಿಲ್ ಕೊನೆಯಲ್ಲಿ, ಆಣೆಕಟ್ಟಿನ ಹತ್ತಿರ. ಅಷ್ಟು ದಿನ ನೀರಲ್ಲಿದ್ದ ದೇಹದ ರಕ್ತ ತಾನಾಗಿಯೇ ಹುಳಿತು ಮದ್ಯದ ಅಂಶ ಹುಟ್ಟಿಸುತ್ತದಂತೆ. ಕುಡಿದಿದ್ದನೋ ಇಲ್ಲವೋ ಪರೀಕ್ಷೆಯಿಂದ ಹೇಳಲಾಗದು ಎಂದರು ಡಾಕ್ಟರು.

ಹಾಗಾಗಿ ಈಗ ಇರುವುದು ಒಂದು ಮೂಗು ಮಾತ್ರ.

ಅಕ್ಟೋಬರ್ 6, ಸೋಮವಾರ

ಸಂಜೆ ಅಡುಗೆಮನೆಯಲ್ಲಿ ಗಾರ್ಡಿಯ ಪೇಜರ್, ದಳದ ಕರೆ ಕೇಳಿಸುವ ಪುಟ್ಟ ಪೆಟ್ಟಿಗೆ, ಕೂಗಿತು. ಪ್ರತಿ ಸೋಮವಾರ ಕೂಗುತ್ತದೆ. ಕರೆ ಕಳಿಸುವ ಹೆಂಗಸಿನ ಸ್ವರ, "ಇದು ಪರೀಕ್ಷೆ ಮಾತ್ರ." ಅದನ್ನು ವಾಪಸು ಕೊಡಿ ಎಂದು ದಳದವರು ಎರಡು ಸಲ ಕೇಳಿದ್ದಾರೆ. ಹುಡುಕುತ್ತಿದ್ದೇನೆ ಎಂದಿದ್ದೇನೆ.

ಒಲೆ ಪಕ್ಕದಲ್ಲೇ ಇದೆ.

ಅಕ್ಟೋಬರ್ 9, ಗುರುವಾರ

ಜಿಲ್ಲಾ ಕೇಂದ್ರಕ್ಕೆ ಹೋಗಿ ವಕೀಲೆ ಆರ್ಡಿತ್ ಕ್ವೇಡ್‌ರನ್ನು ಕಂಡೆ. ತೆಳ್ಳಗಿನ ಕೂದಲು, ಯಾರೋ ಕೋಪದಲ್ಲಿ ಕತ್ತರಿಸಿದ ಹಾಗೆ.

"ಮಿಸೆಸ್ ಕ್ರೋನ್, ಮೊದಲೇ ಹೇಳಿಬಿಡ್ತೀನಿ," ಅಂದರು. "ಕಾನೂನಿನ ಪ್ರಕಾರ ಸತ್ತವರಿಗೆ ಮಾನನಷ್ಟ ಅನ್ನೋದು ಇಲ್ಲ."

"ಯಾಕೆ, ಅವರ ಮಾನ ಎಲ್ಲಿಗೆ ಹೋಗುತ್ತೆ?"

"ಅವರ ಜೊತೇಲೇ ಹೋಗುತ್ತೆ."

"ನನ್ನ ಗಂಡ ಹೋದ್ರು. ಅವರ ಮಾನ ಇಲ್ಲೇ ಇದೆ. ದಿನಾ ನನ್ನ ಅಂಗಡಿಗೆ ಬಂದು ಕೂತ್ಕೊಳ್ಳುತ್ತೆ."

ಆಕೆ ನಗಲಿಲ್ಲ. ಬೆರಳು ಮಡಿಚಿ ಮಡಿಚಿ ವಿವರಿಸಿದರು. ಬದುಕಿದ್ದವರಿಗಾದರೂ ಇದು ಸುಲಭವಲ್ಲ. ಆಡಿದ್ದು ಅಭಿಪ್ರಾಯವಾದರೆ ಸಾಲದು, ನಿಜವೋ ಸುಳ್ಳೋ ಎಂದು ತೂಗಬಲ್ಲ ಸಂಗತಿಯಾಗಿರಬೇಕು. ಅದು ಮೂರನೆಯವರ ಕಿವಿಗೆ ಬಿದ್ದಿರಬೇಕು. ಹೀಗೇ ಹೋಯಿತು. ಬಸ್ಸಿನಲ್ಲಿ ಬರುತ್ತ ಅದನ್ನೆಲ್ಲ ಪ್ರಾಸ ಹಾಕಿ ಕಟ್ಟಿದೆ. ಇದು ನನ್ನ ಹಳೆಯ ಚಟ. ಊರವರ ಹುಟ್ಟುಹಬ್ಬಕ್ಕೆಲ್ಲ ನನ್ನದೇ ಪದ್ಯ. ಓದಿ ಹೇಳಿದರೆ ಗಾರ್ಡಿ ಹಲ್ಲು ನೋವು ಬಂದವನಂತೆ ದವಡೆ ಹಿಡಿದುಕೊಳ್ಳುತ್ತಿದ್ದ.

ಆಡಿದ ಮಾತದು ಸುಳ್ಳಿರಬೇಕು,
ಮೂರನೆಯವನದ ಕೇಳಿರಬೇಕು,
ನನ್ನನು ಕುರಿತೇ ಆಡಿರಬೇಕು,
ಆಡಿದ ಬಾಯದು ತಪ್ಪಿರಬೇಕು,
ಇಷ್ಟಾದ ಮೇಲೂ ನಾ ಬದುಕಿರಬೇಕು.

ಗಾರ್ಡಿ ನಾಲ್ಕು ಸಾಲು ಪಾಸು. ಐದನೆಯದರಲ್ಲಿ ಫೇಲು.

ಹೊರಡುವಾಗ ಆಕೆ ಇನ್ನೊಂದು ಹೇಳಿದರು. "ಈ ಕಾನೂನಲ್ಲಿ ಸತ್ಯಕ್ಕಿಂತ ದೊಡ್ಡ ಗುರಾಣಿ ಇಲ್ಲ. ಮಾತು ಎಷ್ಟೇ ಕೆಟ್ಟದಾಗಿರಲಿ, ನಿಜ ಅಂತಾದ್ರೆ ಅಲ್ಲಿಗೆ ಮುಗೀತು. ನಿಮ್ಮ ಯಜಮಾನರು ಕುಡಿದಿರಲಿಲ್ಲ ಅಂತ ನಿಮಗೆ ಖಚಿತಾನಾ?"

"ಈಸ್ಟರ್ ಉಪವಾಸದ ಕಾಲದಲ್ಲಿ ಅವರು ಬಿಯರ್ ಮುಟ್ಟೋದಿಲ್ಲ."

"ನಾನು ಕೇಳಿದ್ದು ಅದಲ್ಲ," ಅಂದರು.

ಅಕ್ಟೋಬರ್ 10

ವರ್ನ್ ಸುಳ್ಳು ಹೇಳುವ ಮನುಷ್ಯ ಅಲ್ಲ. ಅದೇ ತೊಂದರೆ.

ಅಕ್ಟೋಬರ್ 20, ಸೋಮವಾರ

ಹೊಳೆಯಿತು. ಗಾರ್ಡಿ ದಾವೆ ಹೂಡಲಾರ. ನಾನು ಅವನ ಪರವಾಗಿ ಹೂಡಲಾರೆ. ಆದರೆ ವರ್ನ್ ಬಗ್ಗೆ ನಾನು ಏನಾದರೂ ಅಂದರೆ ಅವರು ನನ್ನ ಮೇಲೆ ಹೂಡಬಲ್ಲರು. ಹೂಡಿದರೆ ಅಂದು ಸಂಜೆ ಯಾರು ಏನು ಕುಡಿದರು ಎಂದು ಕೋರ್ಟು ಒಬ್ಬೊಬ್ಬರನ್ನೇ ನಿಲ್ಲಿಸಿ ಪ್ರಮಾಣ ಮಾಡಿಸಿ ಕೇಳಬೇಕಾಗುತ್ತದೆ. ಮುಂಬಾಗಿಲು ಮುಚ್ಚಿದರೇನು, ಹಿಂಬಾಗಿಲಿಲ್ಲವೇ.

ಬರ್ನಿಸ್‌ಳ ಕತ್ತಿನ ಕೂದಲು ಸರಿ ಮಾಡುತ್ತ ಸುಮ್ಮನೆ ಕೇಳಿದೆ: "ಅವತ್ತು ವರ್ನ್ ಏನು ಕುಡಿದಿದ್ರೋ ಏನೋ. ಯಾರಿಗೆ ಗೊತ್ತು?"

ಅವಳ ಕತ್ತು ನೆಟ್ಟಗಾಯಿತು. "ಏನೇ ಹಾಗಂದ್ರೆ?"

"ಏನಿಲ್ಲ ಬಿಡು. ಬಿಯರ್ ವಾಸನೆ ಬಂತು ಅಂತಾರಲ್ಲ, ಎಲ್ಲಿಂದ ಬಂತೋ. ಕೆಲವರಿಗೆ ಸ್ವಂತ ಮೀಸೆಯಿಂದಲೇ ಬರುತ್ತೆ."

ನಾನೇನೂ ಸುಳ್ಳು ಹೇಳಲಿಲ್ಲ. ಪ್ರಶ್ನೆ ಕೇಳಿದೆ, ಅಷ್ಟೇ.

ಅಕ್ಟೋಬರ್ 29, ಬುಧವಾರ

ಮಾತು ಊರು ಸುತ್ತಿ ನನ್ನ ಬಾಗಿಲಿಗೇ ಬಂತು. ಈಗ ಅದಕ್ಕೆ ಕೈಕಾಲು ಮೂಡಿವೆ. ವರ್ನ್ ತಮ್ಮ ಟ್ರಕ್ಕಿನಲ್ಲಿ ಬ್ರಾಂದಿ ಸೀಸೆ ಇಟ್ಟುಕೊಂಡಿರುತ್ತಾರಂತೆ, ಸೀಟಿನ ಕೆಳಗೆ. ಸೀಸೆ ನನ್ನದಲ್ಲ. ನಾನು ಮೀಸೆ ಅಂದಿದ್ದೆ, ಊರು ಸೀಸೆ ಸೇರಿಸಿತು. ಪ್ರಾಸ ಚೆನ್ನಾಗಿದೆ.

ತಿಂಗಳಿನಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ನವೆಂಬರ್ 5, ಬುಧವಾರ

ವಕೀಲೆಯೇ ಫೋನ್ ಮಾಡಿದರು. ಅಲ್ಲಿಗೂ ಸುದ್ದಿ ಮುಟ್ಟಿದೆ.

"ಮಿಸೆಸ್ ಕ್ರೋನ್, ಪ್ರಶ್ನೆ ಥರ ಕೇಳಿದ್ರೆ, 'ನನ್ನ ಅಭಿಪ್ರಾಯದಲ್ಲಿ' ಅಂತ ಮುಂದೆ ಸೇರಿಸಿದ್ರೆ ತಪ್ಪಿಸ್ಕೋಬಹುದು ಅಂದ್ಕೊಂಡಿದ್ದೀರಾ? ಆಗಲ್ಲ. ಕೇಳಿದವರು ಏನು ಅರ್ಥ ಮಾಡ್ಕೊಂಡ್ರು ಅನ್ನೋದು ಮುಖ್ಯ."

"ಅವರು ದಾವೆ ಹಾಕ್ತಾರಾ?"

"ಸಾರ್ವಜನಿಕ ಹುದ್ದೇಲಿರೋರಿಗೆ ಅದು ಕಷ್ಟ. ಮಾತು ಸುಳ್ಳು ಅಂತ ತೋರಿಸಿದ್ರೆ ಸಾಲದು. ಸುಳ್ಳು ಅಂತ ಗೊತ್ತಿದ್ದೂ ನೀವು ಹೇಳಿದ್ರಿ, ಇಲ್ಲಾ ನಿಜವೋ ಸುಳ್ಳೋ ನಿಮಗೆ ಲೆಕ್ಕಕ್ಕೇ ಇರಲಿಲ್ಲ, ಅಂತ ಸಾಬೀತು ಮಾಡ್ಬೇಕು. ಯಾರ ಮನಸ್ಸಿನೊಳಗೆ ಯಾರು ಇಣುಕೋಕಾಗುತ್ತೆ?" ಒಂದು ಗಳಿಗೆ ತಡೆದು ಕೇಳಿದರು. "ಗೊತ್ತಿತ್ತಾ ನಿಮಗೆ?"

ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟೆ. ಹಾಲು ಇರಲಿಲ್ಲ.

ನವೆಂಬರ್ 14

ದಾವೆಯೂ ಇಲ್ಲ, ನೋಟೀಸೂ ಇಲ್ಲ. ಕುರ್ಚಿ ನದಿಯ ಕಡೆಗೇ.

ನವೆಂಬರ್ 21, ಶುಕ್ರವಾರ

ನಾಳೆಯಿಂದ ಜಿಂಕೆ ಬೇಟೆ. ಬೇಟೆಯ ಹಿಂದಿನ ದಿನ ವರ್ನ್ ಪ್ರತಿ ವರ್ಷ ನನ್ನ ಹತ್ತಿರ ಕೂದಲು ಕತ್ತರಿಸಿಕೊಳ್ಳುತ್ತಾರೆ. ಈ ವರ್ಷ ಬರಲಾರರು ಎಂದುಕೊಂಡಿದ್ದೆ. ಮಧ್ಯಾಹ್ನ ಬಾಗಿಲ ಗಂಟೆ ಅಲ್ಲಾಡಿತು. ಕಿತ್ತಳೆ ಬಣ್ಣದ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಕೂರಬಹುದೇನಮ್ಮ ಮಾರ್ಲಿಸ್? ಇಲ್ಲಾ ಪಕ್ಕದೂರಿಗೆ ಹೋಗ್ಲಾ?"

"ಕೂತ್ಕೊಳ್ಳಿ. ಕತ್ತರಿ ನನ್ನ ಕೈಲಿದೆ, ಅಷ್ಟು ಮಾತ್ರ ನೆನಪಿರಲಿ."

ಕುರ್ಚಿಯನ್ನು ಕನ್ನಡಿಗೆ ತಿರುಗಿಸಿದೆ. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ತುಟಿ ನೀಲಿ. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

"ಟ್ರಕ್ಕಿನ ಸೀಟಿನ ಕೆಳಗೆ ನೋಡಿದೆ," ಅಂದರು. "ಬ್ರಾಂದಿ ಸಿಗಲಿಲ್ಲ. ಕಳೆದ ವರ್ಷದ ಒಂದು ಕೈಗವಸು ಸಿಕ್ತು. ಥ್ಯಾಂಕ್ಸ್."

ನನ್ನ ಕೈ ನಿಂತಿತು. "ನನ್ನ ಮೇಲೆ ದಾವೆ ಹಾಕಿ."

"ಹಾಕಲ್ಲ."

"ಯಾಕೆ? ಕೋರ್ಟಲ್ಲಿ ಎಲ್ಲಾ ಹೊರಗೆ ಬರುತ್ತೆ ಅಂತ ಭಯಾನಾ?"

"ಕೋರ್ಟ್ ಕೇಳೋ ಮೊದಲನೇ ಪ್ರಶ್ನೆ ಏನು ಗೊತ್ತಾ? ಬಿಯರ್ ವಾಸನೆ ಬಂದಮೇಲೂ ಅವನನ್ನ ಗಡ್ಡೆ ಮೇಲೆ ಯಾಕೆ ಕಳಿಸಿದೆ ಅಂತ. ನೀರಿಗಿಳಿಯೋವಾಗ ಹಾಕೋ ಆ ಸೂಟಿನ ಪಟ್ಟಿ ಬಿಗಿದಿದ್ದು ನಾನೇ, ಮಾರ್ಲಿಸ್. ಈ ಕೈಯಲ್ಲೇ. ವಾಸನೆ ಬಂತು, ಆದ್ರೂ ಬಿಗಿದೆ. ನೀರಲ್ಲೊಬ್ಬ ಕೂಗ್ತಿದ್ದ. ಅದನ್ನ ಒಪ್ಕೊಳ್ಳೋಕೇ ಆ ಕಲ್ಲಿನ ಕಮಿಟಿ ಮುಂದೆ ಬಾಯಿಬಿಟ್ಟೆ. ಅವರು ನನ್ನ ತಪ್ಪು ಬಿಟ್ಟು ಅವನ ತಪ್ಪು ಬರ್ಕೊಂಡ್ರು."

ನಾನು ಕತ್ತರಿ ಕೆಳಗಿಟ್ಟೆ. ಇಷ್ಟು ದಿನ ಕೇಳಲು ಹೆದರಿದ್ದನ್ನು ಕೇಳಿದೆ. "ಬಾಯಿಂದ ಬಂತಾ ವಾಸನೆ?"

"ಬಾಯಿಂದ..." ಅವರು ಕಣ್ಣು ಮುಚ್ಚಿದರು. "ಗಾಳಿ ಬೀಸ್ತಿತ್ತು. ಅವನು ನದಿ ಕಡೆ ಮುಖ ಮಾಡಿದ್ದ. ನಾನು ಬಗ್ಗಿ ಪಟ್ಟಿ ಬಿಗೀತಿದ್ದೆ. ಸೂಟಿನ ಎದೆ ಇನ್ನೂ ಮುಚ್ಚಿರಲಿಲ್ಲ, ನನ್ನ ಮೂಗು ಅಲ್ಲೇ ಹತ್ರ ಇತ್ತು. ಶರ್ಟ್ ಮೇಲೆ ಬೆಳ್ಳಗೆ ಏನೋ ಒಣಗಿತ್ತು, ಹಿಮ ಅಂದ್ಕೊಂಡೆ."

ನಾವಿಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದೆವು.

ಉಪವಾಸ ಕಾಲದ ಶುಕ್ರವಾರಗಳಲ್ಲಿ ಗಾರ್ಡಿಯ ಶರ್ಟು ಒಗೆಯುತ್ತಿದ್ದವಳು ನಾನೇ. ಮೀನು ಅದ್ದಿ ಕರಿಯುವ ಹಿಟ್ಟು ಎದೆಯ ಮೇಲೆ ಚೆಲ್ಲಿ ಗಂಜಿ ಹಾಕಿದಂತೆ ಗಟ್ಟಿಯಾಗಿರುತ್ತಿತ್ತು. ಹಿಟ್ಟು ಕಲಸುವುದು ಬಿಯರ್ ಹಾಕಿ. ಈ ಊರಲ್ಲಿ ಯಾವ ಮನೆಯಲ್ಲೂ ಬೇರೆ ರೀತಿ ಕಲಸುವುದಿಲ್ಲ. ಮೀನಿನ ಹಿಟ್ಟಿನ ಬಿಯರನ್ನು ಇಲ್ಲಿ ಯಾರೂ ಬಿಯರ್ ಎನ್ನುವುದಿಲ್ಲ, ಸಾರಿನ ನೀರನ್ನು ಯಾರೂ ನೀರು ಎನ್ನದ ಹಾಗೆ. ಅದಕ್ಕೇ ಯಾರಿಗೂ ಹೊಳೆಯಲಿಲ್ಲ. ಅವರಿಗೂ, ನನಗೂ.

"ಹಿಟ್ಟು," ಅಂದೆ.

"ಅಯ್ಯೋ ದೇವರೇ," ಅಂದರು.

ನಾನು ಕತ್ತರಿ ಮತ್ತೆ ಕೈಗೆತ್ತಿಕೊಂಡೆ. ಮೀಸೆಯ ಕೂದಲು ಸರಿ ಮಾಡುವಾಗ ಅವರು ಮೆಲ್ಲಗೆ ಅಂದರು: "ಹಾಗಾದ್ರೆ ಅವನು ಕುಡಿದು ಸಾಯಲಿಲ್ಲ."

"ಇಲ್ಲ. ಗಡ್ಡೆ ತೆಳುವಾಗಿತ್ತು."

"ತೆಳುವಾಗಿತ್ತು ಅಂತ ನಂಗೂ ಗೊತ್ತಿತ್ತು."

ಮುಂದಿನ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರ ಕಮಿಟಿ ಸೇರುತ್ತದೆ. ತಾನೇ ಎದ್ದು ನಿಂತು ಹೇಳುತ್ತೇನೆಂದರು. ಸೀಸೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಬಾಗಿಲಲ್ಲಿ ತಿರುಗಿ, "ಈ ಕುರ್ಚಿ ತಾನಾಗೇ ತಿರುಗುತ್ತೇನು?" ಎಂದು ಕೇಳಿದರು.

"ನೆಲ ಓರೆ," ಅಂದೆ.

ಡಿಸೆಂಬರ್ 1, ಸೋಮವಾರ

ರಾತ್ರಿಯಿಡೀ ಹಿಮ ಬಿದ್ದಿದೆ. ಬೆಳಿಗ್ಗೆ ಕಾಫಿಗಿಟ್ಟಾಗ ಪೇಜರ್ ಕೂಗಿತು. ಪರೀಕ್ಷೆಯ ಹೊತ್ತಲ್ಲ. ಹೆಂಗಸಿನ ಸ್ವರ ವಿಳಾಸ ಹೇಳಿತು, ಎರಡು ಸಲ. ವಯಸ್ಸಾದ ಗಂಡಸು, ಹಿಮ ತೋಡುತ್ತಿದ್ದವರು ಬಿದ್ದಿದ್ದಾರೆ, ಉಸಿರಿಲ್ಲ.

ಆ ಮನೆಯ ಹುಟ್ಟುಹಬ್ಬಗಳಿಗೆಲ್ಲ ಪದ್ಯ ಬರೆದವಳು ನಾನು. ವಿಳಾಸ ನನಗೆ ಎರಡನೆಯ ಸಲ ಬೇಕಿರಲಿಲ್ಲ.

ಕಮಿಟಿ ನಾಳೆ.

ಡಿಸೆಂಬರ್ 3, ಬುಧವಾರ

ಶವಸಂಸ್ಕಾರದವರು ಕರೆದರು. ಊರಿನಲ್ಲಿ ಸತ್ತವರ ತಲೆ ಬಾಚುವುದೂ ನಾನೇ. ಕತ್ತರಿಸುವಂಥದ್ದೇನೂ ಇರಲಿಲ್ಲ, ನಾನೇ ಕತ್ತರಿಸಿದ್ದಲ್ಲವೇ. ಬೈತಲೆ ತೆಗೆದೆ. ಮೀಸೆ ಬಾಚಿದೆ.

ಇನ್ನು ಇವರ ಬಗ್ಗೆ ಏನು ಬೇಕಾದರೂ ಹೇಳಬಹುದು. ಕಳ್ಳ ಅನ್ನಬಹುದು, ಕೊಲೆಗಾರ ಅನ್ನಬಹುದು. ಯಾವ ಕೋರ್ಟೂ ಕೇಳುವುದಿಲ್ಲ. ಹೇಳಿ ನೋಡೋಣವೆಂದು ಬಾಯಿ ತೆರೆದೆ. ಆ ತಣ್ಣನೆಯ ಕೋಣೆಯಲ್ಲಿ ನನ್ನ ಬಾಯಿಂದ ಬಂದದ್ದು, "ಕೈಗವಸಿನ ಜೋಡಿ ಸಿಕ್ತಾ?"

ಹಿಟ್ಟಿನ ಮಾತು ಈಗ ನನಗೊಬ್ಬಳಿಗೇ ಗೊತ್ತು. ವಿಧವೆಯ ಮಾತು, ಯಾರು ನಂಬುತ್ತಾರೆ. ಪ್ರಾಸ ಹುಡುಕಿದೆ. ಸಿಗಲಿಲ್ಲ.

ಡಿಸೆಂಬರ್ 4, ಗುರುವಾರ

ವರ್ನ್‌ರ ಹೆಂಡತಿ ಜಾಯ್ಸ್ ಬಂದಳು. ಕೋಟು ಬಿಚ್ಚಲಿಲ್ಲ. ಕುರ್ಚಿಯಲ್ಲಿ ಕೂತಳು, ಕೂದಲಿಗಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

"ಶನಿವಾರ ಮಣ್ಣು," ಅಂದಳು. "ಮುಖ್ಯಸ್ಥರ ಪೆಟ್ಟಿಗೇನ ದಳದ ಬೆಂಕಿ ಗಾಡಿ ಮೇಲೆ ಒಯ್ಯೋದು ವಾಡಿಕೆ. ಒಯ್ಯಲ್ಲ ಅಂತಿದ್ದಾರೆ ಹುಡುಗರು. ಸೀಸೆ ಇಟ್ಕೊಂಡೋನಿಗೆ ಗಾಡಿ ಯಾಕೆ ಅಂತ ಕೇಳ್ತಾರಂತೆ. ವಕೀಲರನ್ನ ಕೇಳಿದೆ. ಸತ್ತವರಿಗೆ—"

"ಮಾನವಿಲ್ಲ," ಅಂದೆ.

"ನಿಂಗೆ ಚೆನ್ನಾಗಿ ಗೊತ್ತಿದೆ, ಅಲ್ವಾ?"

ಅವಳು ಚೀಲ ಬಿಚ್ಚಿದಳು. ವರ್ನ್‌ರ ಹಳೆಯ ಚೌಕುಳಿ ಶರ್ಟು, ಎದೆಯ ಮೇಲೆ ಬಿಳಿ ಹೊಪ್ಪಳೆ. ಕೋಣೆಯ ತುಂಬ ವಾಸನೆ ಹರಡಿತು. ಗಾರ್ಡಿ ಶುಕ್ರವಾರ ಮನೆಗೆ ಬಂದರೆ ಮೊದಲು ಈ ವಾಸನೆ ಬರುತ್ತಿತ್ತು, ಆಮೇಲೆ ಅವನು.

"ಇಲ್ಲಿಂದ ಕೂದಲು ಕತ್ತರಿಸ್ಕೊಂಡು ಬಂದವನೇ ಅಡುಗೆಮನೆಗೆ ಹೋಗಿ ಹಿಟ್ಟಿಗೆ ಬಿಯರ್ ಸುರಿದು ಕಲಸಿದ. ಮೀನೇ ಇರಲಿಲ್ಲ ಮನೇಲಿ. ಮೈಮೇಲಿದ್ದ ಶರ್ಟಿಗೆ ಸುರ್ಕೊಂಡ. ಒಣಗಿದಮೇಲೆ ಬಿಚ್ಚಿ ಮೂಗಿಗೆ ಹಿಡ್ಕೊಂಡು ಅತ್ತ. ಮದುವೆಯಾದಾಗಿಂದ ಅವನು ಅತ್ತಿದ್ದು ನಾನು ಕಂಡಿಲ್ಲ, ಮಾರ್ಲಿಸ್. 'ಒಗೀಬೇಡ, ಕಮಿಟಿಗೆ ಬೇಕು' ಅಂದ. ನನ್ನ ಗಂಡನಿಗೆ ತಲೆ ಕೆಟ್ಟಿತ್ತಾ? ಏನಿದು?"

ಹೇಳಿದೆ. ಮೂಗು, ಎದೆ, ಹಿಟ್ಟು. ಅವಳು ಶರ್ಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಸರಿ. ಸೀಸೆ?"

"ಮೀಸೆ ಅಂದಿದ್ದೆ. ಸೀಸೆ ನಾನಲ್ಲ." ಮಾತು ಹೊರಬಿದ್ದ ಮೇಲೆ ನನ್ನ ಕಿವಿಗೇ ಕೇಳಿಸಿತು. "ನಾನೇ, ಜಾಯ್ಸ್. ಅವರು ಕುಡಿದಿರಲಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ."

ಜಾಯ್ಸ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡು, ಹೆಂಗಿದೆ," ಅಂದಳು. "ನಿನ್ನ ಗಂಡನ ಮಾನ ನನ್ನ ಕೈಲಿದೆ. ನನ್ನ ಗಂಡನ ಮಾನ ನಿನ್ನ ಬಾಯಲ್ಲಿದೆ. ಮೊದಲು ಯಾರು ಬಿಡೋದು?"

ನಾನು ಕೋಟು ಹಾಕಿಕೊಂಡು ದಳದ ಕಟ್ಟಡಕ್ಕೆ ನಡೆದೆ. ಗಾಡಿ ತೊಳೆಯುತ್ತಿದ್ದ ಹುಡುಗರ ಮುಂದೆ ನಿಂತು ಸೀಸೆ ಸುಳ್ಳು, ಹುಟ್ಟಿಸಿದ್ದು ನಾನು ಎಂದೆ. ಒಬ್ಬ ಮೆದುಗೊಳವೆಯ ನೀರು ನಿಲ್ಲಿಸಿದ. "ಈಗ ಹೇಳ್ತಿರೋದು ನಿಜ ಅಂತ ಹೆಂಗೆ ನಂಬೋದು, ಮಾರ್ಲಿಸ್?" ಅಂದ. ಆಮೇಲೆ ಹಿಟ್ಟಿನ ಮಾತು ಎತ್ತಲು ನನ್ನ ನಾಲಿಗೆ ಏಳಲಿಲ್ಲ.

ಹಿಂತಿರುಗಿದಾಗ ಜಾಯ್ಸ್ ಹೋಗಿದ್ದಳು. ಶರ್ಟು ಕನ್ನಡಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು.

ಡಿಸೆಂಬರ್ 5, ಶುಕ್ರವಾರ

ಸಂಪಾದಕ ಲಾಯಲ್‌ನನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿದೆ. ಎಲ್ಲವನ್ನೂ ಹೇಳಿದೆ.

"ಸೀಸೆದು ತಿದ್ದುಪಡಿ ಹಾಕ್ತೀನಿ," ಅಂದ. "ಹಿಟ್ಟಿಂದು ಕಷ್ಟ. ಸುಳ್ಳು ಹೇಳ್ದೆ ಅಂತ ನೀವೇ ಒಪ್ಕೊಂಡ ಮೇಲೆ..."

ಅಷ್ಟರಲ್ಲಿ ಬಾಗಿಲ ಗಂಟೆ ಅಲ್ಲಾಡಿತು. ಬರ್ನಿಸ್ ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು.

"ಏನೇ ಮಾರ್ಲಿಸ್! ಬೆಳಿಗ್ಗೆ ಬೆಳಿಗ್ಗೇನೇ ಬಿಯರ್ರಾ? ಪಾಪ, ದುಃಖ ಅಂತ ಗೊತ್ತು, ಆದ್ರೂ ಕತ್ತರಿ ಹಿಡಿಯೋಳು ಕುಡೀಬಾರ್ದಮ್ಮ!"

ಬರ್ನಿಸ್ ಆ ಮೀನೂಟಕ್ಕೆ ಹುಟ್ಟಿದಾಗಿನಿಂದ ಹೋಗುತ್ತಿರುವವಳು. ಲಾಯಲ್ ಕನ್ನಡಿಯಲ್ಲಿ ಅವಳನ್ನು ನೋಡಿದ, ಮೊಳೆಯ ಮೇಲಿನ ಶರ್ಟನ್ನು ನೋಡಿದ. ಕುತ್ತಿಗೆಯ ಬಟ್ಟೆಯಡಿಯಿಂದ ಕೈ ತೆಗೆದು ಜೇಬಿನಲ್ಲಿ ಪೆನ್ನು ಹುಡುಕಿದ.

ಡಿಸೆಂಬರ್ 6, ಶನಿವಾರ

ಗಾಡಿಯ ಮೇಲೆಯೇ ಒಯ್ದರು. ನಾನು ಹೋಗಲಿಲ್ಲ. ಒಲೆಯ ಪಕ್ಕ ನಿಂತು ಪೇಜರ್‌ನಲ್ಲಿ, ಸತ್ತವರ ದಳದ ಸಂಖ್ಯೆ ಕೂಗುವ ಕೊನೆಯ ಕರೆ ಕೇಳಿದೆ. "ಆಶ್ ಪ್ರೇರಿ ಒಂದು." ಮೌನ. "ಆಶ್ ಪ್ರೇರಿ ಒಂದು." ಮೌನ. ಮೂರನೆಯ ಸಲವೂ. "ಉತ್ತರವಿಲ್ಲ," ಅಂದಳು ಆ ಹೆಂಗಸು. ಗಾರ್ಡಿಯನ್ನೂ ಮೇ ತಿಂಗಳಲ್ಲಿ ಹೀಗೇ ಕರೆದಿದ್ದರು. ಅವನು ನಾಲ್ಕು.

ಡಿಸೆಂಬರ್ 12, ಶುಕ್ರವಾರ

ಪತ್ರಿಕೆ ಬಂತು. ಆರೋಪ ಮೊದಲ ಪುಟದಲ್ಲಿತ್ತು. ತಿದ್ದುಪಡಿ ಕೊನೆಯ ಪುಟದಲ್ಲಿ, ಮಾರಾಟಕ್ಕಿರುವ ಹಿಮ ತಳ್ಳುವ ಯಂತ್ರದ ಜಾಹೀರಾತಿನ ಕೆಳಗೆ. ಆದರೂ ಎರಡೂ ಇವೆ, ಸೀಸೆ ಮತ್ತು ಹಿಟ್ಟು. ಶರ್ಟು ನಿಜವೆಂದು ಜಾಯ್ಸ್ ತನ್ನ ಹೆಸರು ಹಾಕಿ ಹೇಳಿದ್ದಾಳೆ. ಕಲ್ಲು ನಿಲ್ಲಿಸುವುದು ನೆಲ ಕರಗಿದ ಮೇಲೆ, ಗಾರ್ಡಿಯ ಹೆಸರಿನೊಂದಿಗೆ. ಜಾಯ್ಸ್ ನನ್ನ ಹತ್ತಿರ ಮಾತಾಡುವುದಿಲ್ಲ. ಕೂದಲಿಗೆ ಪಕ್ಕದೂರಿಗೆ ಹೋಗುತ್ತಾಳಂತೆ.

ಶರ್ಟನ್ನು ಒಗೆಯಲು ಕೈ ಬರುತ್ತಿಲ್ಲ. ಅಂಗಡಿಯಲ್ಲಿ ವಾರವಿಡೀ ಶುಕ್ರವಾರ.

ನಾನು ಕುಡಿಯುತ್ತೇನೆ ಎಂಬ ಸುದ್ದಿ ಊರೆಲ್ಲ ಹಬ್ಬಿದೆ. ಬರ್ನಿಸ್‌ಳ ಕೆಲಸ, ತಿದ್ದುಪಡಿ ಓದಿದ ಮೇಲೂ ನಿಲ್ಲಿಸಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನನ್ನ ಹಳೆಯ ಪದ್ಯ ಹೇಳಿ ನೋಡಿದೆ. ಮಾತು ಸುಳ್ಳು, ಸರಿ. ಮೂರನೆಯವರು ಕೇಳಿದ್ದಾರೆ, ಊರೇ ಕೇಳಿದೆ. ನನ್ನ ಕುರಿತೇ. ಆಡಿದವಳದೇ ತಪ್ಪು. ನಾಲ್ಕು ಸಾಲು ಪಾಸು.

ಐದನೆಯ ಸಾಲಿಗೆ, 'ನಾ ಬದುಕಿರಬೇಕು' ಎಂಬಲ್ಲಿಗೆ ಬಂದಾಗ ಕುರ್ಚಿಯ ಕಡೆ ನೋಡಿದೆ. ನದಿಯ ಕಡೆ ಇರಲಿಲ್ಲ. ನನ್ನ ಕಡೆ ತಿರುಗಿತ್ತು, ಉತ್ತರಕ್ಕೆ ಕಾಯುವ ಹಾಗೆ.